ಪೇಟಿ ಮಾಸ್ತರರ ಪರವಾಗಿ

ಕಾಕಾನ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಎದೆಮಟ್ಟದ ಕೆಂಪು ಕಲ್ಲಿನ ಗೋಡೆ. ಬೀದರಿನ ಕೊಳಾರದ ಕಾರ್ಖಾನೆಗಳಿಗೆ ಬೆಳಗಿನ ಪಾಳಿಯವರು ಹೋಗಿಬಿಟ್ಟರೆ ನಮ್ಮ ಓಣಿ ಒಂದು ತಾಸು ಸುಮ್ಮನಿರುತ್ತದೆ. ಆಗ ಕಾಕಾ ಚಹಾದ ಬಟ್ಟಲು ತಂದು ಗೋಡೆಯ ಮೇಲಿಡುತ್ತಾರೆ. ಇಟ್ಟರೆಂದರೆ ಮಾತಿಗೆ ಕರೆದ ಹಾಗೆ. ಇವತ್ತು ಬಟ್ಟಲು ಇಡುವ ಮೊದಲೇ ನಮ್ಮ ಹಾರ್ಮೋನಿಯಂ ಮಾಸ್ತರರ ಮೇಲೆ ಶುರು ಮಾಡಿದರು.

"ನಿಮ್ಮ ಆ ಪೇಟಿ ಮಾಸ್ತರ ಏನು ಹಾಡ್ತಾನೋ ತಮ್ಮಾ, ಒಂದೂ ತಿಳೀವಲ್ದು. ಸೋಮವಾರ ಮಠದಾಗ ವಚನ ಅಂತಾನ, ಏಕಾದಶಿಗಿ ಔರಾದ ಕಡಿ ಹೋಗಿ ಅಭಂಗ ಅಂತಾನ, ಉರ್ಸಿನಾಗ ಕವ್ವಾಲಿಗಿ ಕುಂದರ್ತಾನ, ಲಗ್ನದಾಗ ಸಿನಿಮಾ ಹಾಡು. ಹತ್ತು ಕಡಿ ಕಾಲಿಟ್ಟವ ಒಂದ್ ಕಡಿಗೂ ಮುಟ್ಟಲ್ಲ."

ನನಗೆ ತಡೆಯಲಾಗಲಿಲ್ಲ. "ಕಾಕಾ, ನಾವು ನಿಂತ ನೆಲಾನೇ ಹತ್ತು ನಮೂನಿದು ಅದ. ಇಲ್ಲಿ ಹುಟ್ಟಿದ ಕಿವಿಗಿ ಒಂದೇ ಹಾಡು ಕೇಳು ಅಂದ್ರ ಹೆಂಗ್ರಿ?" ಅಂದೆ.

ಬೀದರಿನ ಮಾತೇ ಹಾಗೆ. ಪೇಟೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಔರಾದ ದಾಟಿದರೆ ಮರಾಠಿ, ಜಹೀರಾಬಾದಿನ ಕಡೆ ಹೊರಳಿದರೆ ತೆಲುಗು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಕಾಕಾನಿಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನು ಅಷ್ಟೂರು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟ ಅಲ್ಲಿದೆ. ಉರ್ಸಿಗೆ ಮುಸಲ್ಮಾನರೂ ಬರುತ್ತಾರೆ, ಅವನನ್ನು ಅಲ್ಲಮಪ್ರಭುವೆಂದೇ ನಂಬಿದ ಲಿಂಗಾಯತರೂ ಬರುತ್ತಾರೆ. ಅಂಥ ಜಾತ್ರೆಗೆ ಹೋಗಿಬಂದ ಹಾಡುಗಾರನ ಗಂಟಲಲ್ಲಿ ಒಂದೇ ದಾಟಿ ಹೇಗೆ ಉಳಿದೀತು?

ಮಾಣಿಕ ಪ್ರಭುಗಳ ಹೆಸರು ತೆಗೆದೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದವರು. ಹುಮನಾಬಾದಿನ ಪಕ್ಕದ ಮಾಣಿಕನಗರ ಅವರಿಂದಲೇ ಊರಾಯಿತು. ಪದ ಕಟ್ಟಿದ್ದು ಮರಾಠಿಯಲ್ಲಿ, ಕನ್ನಡದಲ್ಲಿ, ಹಿಂದಿ-ಉರ್ದುವಿನಲ್ಲಿ, ಸಂಸ್ಕೃತದಲ್ಲಿ. ಎದುರು ಕುಳಿತವರ ಭಾಷೆ ಯಾವುದೋ ಹಾಡೂ ಅದೇ. ಎಲ್ಲ ಮತಗಳೂ ಒಂದೇ ಎಂದು ಹೇಳಿದವರಿಗೆ ಒಂದೇ ನುಡಿಯಲ್ಲಿ ಹಾಡುವುದು ಹೇಗೆ ಸಾಲುತ್ತಿತ್ತು? 1865ರಲ್ಲಿ ಅವರು ಸಮಾಧಿಯಾದ ಮೇಲೂ ದತ್ತ ಜಯಂತಿಯ ದರ್ಬಾರಿನಲ್ಲಿ ಸಂಗೀತ ನಿಂತಿಲ್ಲ.

"ಅವರು ಪ್ರಭುಗಳಪ್ಪಾ" ಅಂದರು ಕಾಕಾ. "ಹೊಟ್ಟಿಗಿ ಹಾಡೋ ಮಂದಿ ಮಾತು ಹೇಳು."

ಹೊಟ್ಟೆಯ ಮಾತೇ ಬೇಕಿತ್ತು ನನಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ನಡೆದದ್ದೇ ಹೊಟ್ಟೆಯ ಚಿಂತೆಯಲ್ಲಿ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಕರ್ನಾಟಕಿ ಕಲಿತರು, ಹಿಂದೂಸ್ತಾನಿಯನ್ನೂ ಕಲಿತರು. ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಊರೂರು ತಿರುಗಿದರು. ಅಷ್ಟು ಹುಡುಗರಿಗೆ ದಿನಾ ಎರಡು ಹೊತ್ತು ರೊಟ್ಟಿ ಎಲ್ಲಿಂದ ಬರಬೇಕು? ನಾಟಕ ಕಂಪನಿ ಕಟ್ಟಿದರು. ಕಂಪನಿಯೆಂದರೆ ಒಂದೇ ರಾತ್ರಿಯಲ್ಲಿ ಕಂದ ಪದ್ಯ, ಮರಾಠಿ ಮಟ್ಟು, ವಚನ, ನಗೆಹಾಡು ಎಲ್ಲ ಬೇಕು. ಪೇಟಿ ಹಿಡಿದವನು ಬೆಳಗಿನ ತನಕ ಕೈ ಎತ್ತುವಂತಿಲ್ಲ.

1944ರಲ್ಲಿ ಗುರುಗಳು ತೀರಿಕೊಂಡಾಗ ಆ ಭಾರವೆಲ್ಲ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಅವರಿಗೂ ಎಳೆಯ ವಯಸ್ಸಿನಲ್ಲೇ ಕಣ್ಣು ಹೋಗಿದ್ದವು. ಆದರೂ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸಿದರು. ಎರಡೂ ಪದ್ಧತಿಯಲ್ಲಿ ಹಾಡಿದರು. ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು, ನಾಟಕವನ್ನೂ ಬರೆದರು. 1914ರಲ್ಲಿ ಹುಟ್ಟಿದವರು 2010ರಲ್ಲಿ ಹೋದರು. ಪದ್ಮಭೂಷಣ ಬಂದದ್ದೂ ಆ ವರ್ಷವೇ. ಅವರನ್ನು ನೆನೆದಾಗ ನನಗೆ ಪ್ರಶಸ್ತಿಗಿಂತ ಮೊದಲು ಆಶ್ರಮದ ಪಂಕ್ತಿ ಕಣ್ಣಿಗೆ ಬರುತ್ತದೆ. ಅಷ್ಟೊಂದು ವಿದ್ಯೆ ಒಬ್ಬರಲ್ಲಿ ಸೇರಿದ್ದಕ್ಕೆ ಅಷ್ಟೊಂದು ತಟ್ಟೆಗಳೂ ಕಾರಣ ಅನಿಸುತ್ತದೆ. ಅದೇ ಆಶ್ರಮದಲ್ಲಿ ಬಳ್ಳಾರಿ ಸೀಮೆಯ ವೆಂಕಟೇಶಕುಮಾರರು ಹನ್ನೆರಡು ವರ್ಷ ಕಲಿತರು. ಅವರ ತಂದೆ ಜನಪದ ಹಾಡುಗಾರರು, ತೊಗಲುಗೊಂಬೆ ಆಡಿಸುವವರು. ಈಗ ಅವರು ಖ್ಯಾಲಿನ ನಂತರ ವಚನ, ದಾಸರ ಪದ ಹಾಡಿದರೆ ಸಭೆ ಏಳುವುದೇ ಇಲ್ಲ.

ಕಾಕಾ ಬಟ್ಟಲು ಬಾಯಿಗಿಟ್ಟರು. ಚಹಾ ಆರಿತ್ತು, ನಮ್ಮ ಮನೆಯಿಂದ ಇನ್ನೊಂದು ತರಿಸಿದೆ.

"ಆದ್ರ ದೊಡ್ಡ ಗಾಯಕರು ಒಂದೇ ಘರಾಣೆ ಹಿಡೀತಾರಲ್ಲ?" ಎಂದರು. ಹಿಡಿದವರೂ ಇದ್ದಾರೆ, ಹಲವು ಕಡೆ ಅಲೆದವರೂ ಇದ್ದಾರೆ. ಯಲಿವಾಳದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಆಮೇಲೆ ಒಬ್ಬೊಬ್ಬರ ಬಾಗಿಲಿಗೆ ಹೋಗಿ ಕಿರಾಣಾ, ಗ್ವಾಲಿಯರ್, ಪಟಿಯಾಲಾ ಮೂರರ ಗುಟ್ಟನ್ನೂ ತಂದರು. ಖ್ಯಾಲು, ಠುಮ್ರಿ, ನಾಟ್ಯಗೀತೆ, ಗಜಲು, ವಚನ ಎಲ್ಲಕ್ಕೂ ಅವರಲ್ಲಿ ಜಾಗ ಇತ್ತು. ಮಲ್ಲಿಕಾರ್ಜುನ ಮನಸೂರರೂ ಮೊದಲು ನಾಟಕದ ಹುಡುಗರೇ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಕಲಿತು, ಆಮೇಲೆ ಮಂಜಿಖಾನ್, ಭುರ್ಜಿಖಾನ್ ಅವರಲ್ಲಿ ಜಯಪುರ-ಅತ್ರೌಲಿಗೆ ಹೋದರು. ಅಂಥವರೂ ವಚನಕ್ಕೆ ಬಂದಾಗ ಬೇರೆಯೇ ಮನುಷ್ಯ.

ಇಲ್ಲೇ ನೋಡಿ, ಮಾಸ್ತರರ ಕೆಲಸದ ಕಷ್ಟ ಇರುವುದು. ವಚನ ಪದ್ಯವಲ್ಲ. ಪ್ರಾಸವಿಲ್ಲ, ಮಾತ್ರೆಯ ಲೆಕ್ಕವಿಲ್ಲ, ಒಂದು ಸಾಲು ಮೂರು ಪದ, ಇನ್ನೊಂದು ಹನ್ನೊಂದು ಪದ. ಅದನ್ನು ತಾಳಕ್ಕೆ ಕೂಡಿಸುವಾಗ ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಹಾಡುವವನೇ ಹುಡುಕಬೇಕು. ಖ್ಯಾಲಿನಲ್ಲಿ ಒಂದು ಪದವನ್ನು ನಾಲ್ಕು ತುಂಡು ಮಾಡಿದರೂ ಯಾರೂ ಕೇಳುವುದಿಲ್ಲ. ವಚನದಲ್ಲಿ ಪದ ಒಡೆದರೆ ಅರ್ಥ ಒಡೆಯಿತು. ಕೊನೆಗೆ ಅಂಕಿತ ಬರುವ ಹೊತ್ತಿಗೆ ಕೇಳುವವನ ಮನಸ್ಸು ಅಲ್ಲಿಗೆ ತಲುಪಿರಬೇಕು. ನಮ್ಮ ಹಾಗೆ ನಿಜಾಮರ ಸೀಮೆಯವರೇ ಆದ ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿ ಇದನ್ನು ಬಲ್ಲವರಾಗಿದ್ದರು. ರಾಗ ಪೂರ್ತಿ ಹಿಂದೂಸ್ತಾನಿ, ಆದರೆ ಮಾತು ಒಂದೂ ಮುಕ್ಕಾಗುತ್ತಿರಲಿಲ್ಲ. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿಟ್ಟದ್ದು ನ್ಯಾಯವೇ.

ಅಭಂಗಕ್ಕೆ ಬಂದರೆ ಲೆಕ್ಕವೇ ಬೇರೆ. ಎಂಟು ಮಾತ್ರೆಯ ಭಜನಿ ಠೇಕಾ, ಪಖವಾಜಿನ ತೆರೆದ ಪೆಟ್ಟು, ಹತ್ತು ಜೋಡಿ ತಾಳ. ಅಲ್ಲಿ ಒಬ್ಬ ಹೇಳಿದ್ದನ್ನು ಊರೇ ಹೇಳಬೇಕು, ಹಾಡುವವನು ತೀರಾ ಜಾಣನಾದರೆ ಮಂದಿ ಹಿಂದೆ ಬೀಳುತ್ತದೆ. ಕವ್ವಾಲಿಯಲ್ಲಿ ಮುಖ್ಯ ಗಾಯಕ ನಡುವೆಯೇ ಬೇರೆ ಕವಿಯ ಎರಡು ಸಾಲು ಸೇರಿಸಿ ತಿರುಗಿ ಬರುತ್ತಾನೆ. ಪೇಟಿಯವನು ಆ ತಿರುವನ್ನು ಮುಖ ನೋಡಿಯೇ ಹಿಡಿಯಬೇಕು. ನಮ್ಮ ಮಾಸ್ತರರ ಪೇಟಿ ಅದೇ, ಶ್ರುತಿಯೂ ಅದೇ ಕಾಳಿ ಎರಡು, ಅಂದರೆ ಎರಡನೇ ಕಪ್ಪು ಮನೆ. ಮಠದಲ್ಲಿ ಅವರ ಬೆರಳು ಮಾತಿನ ಹಿಂದೆ ನಡೆಯುತ್ತದೆ, ಔರಾದಿನಲ್ಲಿ ತಾಳದ ಜೊತೆ ಕುಣಿಯುತ್ತದೆ, ಉರ್ಸಿನಲ್ಲಿ ಗಾಯಕನಿಗಿಂತ ಅರೆಗಳಿಗೆ ಮೊದಲೇ ಸಿದ್ಧವಾಗಿರುತ್ತದೆ. ಮೂರನ್ನೂ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ.

ಎಲ್ಲ ಹಾಡುವವರೂ ಹೀಗೆ ಎನ್ನಲಾರೆ. ಏನು ಕೊಟ್ಟರೂ ಒಂದೇ ಮಸಾಲೆ ಅರೆದು ಹಾಕುವವರಿದ್ದಾರೆ. ವಚನಕ್ಕೂ ತಾನ, ಅಭಂಗಕ್ಕೂ ತಾನ, ಸೋಬಾನೆಗೂ ತಾನ. ಅದು ನನಗೆ ಸೇರುವುದಿಲ್ಲ. ಎಷ್ಟು ನಮೂನೆ ಬರುತ್ತದೆ ಎಂಬುದಕ್ಕಿಂತ ಒಂದರ ಎಂಜಲು ಇನ್ನೊಂದಕ್ಕೆ ತಾಗದಂತೆ ಇಡುವುದು ದೊಡ್ಡ ವಿದ್ಯೆ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಹೋದ ವರ್ಷ ಒಂದು ಲಗ್ನದಲ್ಲಿ ಮಾಸ್ತರರು ವಚನ ಎತ್ತಿದ್ದರು, ಲಗ್ನದ ಮನೆಯವರು ಅರ್ಧಕ್ಕೇ ನಿಲ್ಲಿಸಿ ಸಿನಿಮಾ ಹಾಡು ಕೇಳಿದರು. ಮಾಸ್ತರರು ಅದನ್ನೂ ಹಾಡಿದರು. ಊಟಕ್ಕೆ ಕೊನೆಯ ಪಂಕ್ತಿ, ಹಣಕ್ಕೆ ನಾಳೆ ಬಾ ಅಂದರು. ಎಲ್ಲ ಹಾಡಬಲ್ಲವನನ್ನು ಹೇಗೆ ಬೇಕಾದರೂ ನಡೆಸಿಕೊಳ್ಳಬಹುದೆಂದು ಮಂದಿ ತಿಳಿದಿದ್ದಾರೆ. ಇದನ್ನು ಹೇಳುವಾಗ ನನ್ನ ದನಿ ಏರಿತ್ತು. ಕಾಕಾ ಗೋಡೆಯ ಮೇಲಿನ ಎರಡೂ ಬಟ್ಟಲನ್ನು ಒಂದರೊಳಗೊಂದು ಇಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಅಂದರು: "ಮುಂದಿನ ವಾರ ಮೊಮ್ಮಗಳ ತೊಟ್ಟಿಲ ಕಾರ್ಯ ಅದ. ಜೋಗುಳಾನೂ ಬರ್ತದೇನು ಅವರಿಗಿ?"

ಆಗಲೇ 'ಅವನು' ಹೋಗಿ 'ಅವರು' ಬಂದಿತ್ತು.

"ಜೋಗುಳ ಕಾಕು ಮತ್ತ ಅಕ್ಕಗೋಳು ಹಾಡ್ಲಿರಿ, ಮಾಸ್ತರು ಹಿಂದಿಂದ ಪೇಟಿ ಹಿಡೀತಾರ. ಇವತ್ತೇ ಹೋಗಿ ಹೇಳ್ತೀನಿ" ಅಂದೆ.

"ಹೇಳು. ಲಕೋಟಿ ನಾ ಮೊದಲೇ ಕೊಟ್ಟುಬಿಡ್ತೀನಿ ಅಂತನೂ ಹೇಳು. ಊಟ ಮೊದಲನೇ ಪಂಕ್ತಿ."