ಉಯಿಲಿಗೆ ಸಿಗದ ಆಸ್ತಿ

ಚೆನ್ನೈಯಲ್ಲಿ ಮನೆತನದ ಪರಂಪರೆಗಳಿಗೆ ಬರವಿಲ್ಲ. ಮೈಲಾಪುರದ ವಕೀಲರ ಮಗ ವಕೀಲನಾಗುತ್ತಾನೆ, ಪಿಟೀಲು ವಿದ್ವಾಂಸರ ಮೊಮ್ಮಗಳು ಡಿಸೆಂಬರ್ ಬಂದರೆ ಸಭಾದ ಮಧ್ಯಾಹ್ನದ ಕಚೇರಿಗೆ ಕೂರುತ್ತಾಳೆ, ಉಡುಪಿ ಕಡೆಯಿಂದ ಬಂದು ಹೋಟೆಲಿಟ್ಟವರ ಮೂರನೆಯ ತಲೆಮಾರು ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಸಂಸಾರಕ್ಕೆ ಒಗ್ಗುವ ಪರಂಪರೆ ಹ್ಯಾಮ್ ರೇಡಿಯೊ, ಅಂದರೆ ಮನೆಯ ಸೆಟ್ಟಿನಿಂದ ದೂರದವರೊಡನೆ ಮಾತಾಡುವ ಹವ್ಯಾಸ, ಎಂಬುದು ನನ್ನ ವಾದ. ಅದಕ್ಕೆ ಕೊಡುವ ಕಾರಣ ಸ್ವಲ್ಪ ತಿರುಗುಮುರುಗಾಗಿ ಕಾಣಬಹುದು: ಅದನ್ನು ಮಕ್ಕಳಿಗೆ ಬಿಟ್ಟುಹೋಗಲು ಬರುವುದೇ ಇಲ್ಲ. ಹೋಟೆಲು ತಾನಾಗಿ ಮಗನ ಪಾಲಿಗೆ ಬರುತ್ತದೆ, ಅವನಿಗೆ ಇಡ್ಲಿ ಹಿಟ್ಟಿನ ಹದ ಗೊತ್ತಿರಲಿ ಬಿಡಲಿ. ರೇಡಿಯೊ ಲೈಸೆನ್ಸ್ ಹಾಗಲ್ಲ. 12 ವರ್ಷ ತುಂಬಿದ ಮೇಲೆ ಪ್ರತಿಯೊಬ್ಬರೂ ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪಾಸಾಗಬೇಕು. ಜನರಲ್ ದರ್ಜೆ ಬೇಕೆಂದರೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಬಡಿಯಲೂ ಬರಬೇಕು. ಕೂತಲ್ಲೇ ತೊಡೆ ತಟ್ಟಿ ತಾಳ ಹಾಕುವ ಊರಿನ ಮಕ್ಕಳಿಗೆ ಇದೇನೂ ಕಷ್ಟವಲ್ಲ ಅನ್ನಿ. ಗುರುತಿನ ಅಕ್ಷರ–ಅಂಕಿಗಳಾದ ಕಾಲ್‌ಸೈನ್ ಕೂಡ ಅಪ್ಪನದು ಅಪ್ಪನದು, ಮಗಳದು ಮಗಳದು. ಇನ್ನೂ ಮಜಾ ಎಂದರೆ, ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಸೆಟ್ಟನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವೆಂದು 1933ರ ಕಾಯ್ದೆ ಸಾರಿತ್ತು. ಉಯಿಲಿನಲ್ಲಿ ಮನೆ ಬರೆದರೆ ಮಗನಿಗೆ ಮನೆ ಸಿಗುತ್ತದೆ, ಸೆಟ್ ಬರೆದಿದ್ದರೆ ಮೊಕದ್ದಮೆ ಸಿಗುತ್ತಿತ್ತು.

ಹಾಗಾದರೆ ಇದು ಪರಂಪರೆ ಹೇಗಾಯಿತು ಎಂದು ಕೇಳಬಹುದು. ದೊಡ್ಡ ಮನೆಗಳನ್ನೇ ನೋಡಿ. ರಾಜೀವ್ ಗಾಂಧಿಯವರು ವಿಯು2ಆರ್‌ಜಿ ಆಗಿದ್ದರು. ಸೋನಿಯಾ ಅವರು ಯಜಮಾನರ ಅಕ್ಷರಗಳಲ್ಲಿ ಪಾಲು ಕೇಳದೆ ವಿಯು2ಎಸ್‌ಒಎನ್ ಎಂದು ತಮ್ಮದೇ ಪಡೆದರು. ಅಮೆರಿಕದ ಓವನ್ ಗ್ಯಾರಿಯಟ್ 1983ರಲ್ಲಿ ಕೊಲಂಬಿಯಾ ನೌಕೆಯಿಂದ ಭೂಮಿಯ ಹ್ಯಾಮ್‌ಗಳೊಡನೆ ಹರಟಿದ ಮೊದಲ ಗಗನಯಾನಿ. 2008ರಲ್ಲಿ ಅವರ ಮಗ ರಿಚರ್ಡ್ ಕಂಪ್ಯೂಟರ್ ಆಟಗಳಿಂದ ಗಳಿಸಿದ ದುಡ್ಡಿನಲ್ಲಿ ಟಿಕೆಟ್ ಕೊಂಡು ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಅದೇ ಕೆಲಸ ಮಾಡಿದರು. ಅಪ್ಪ ಡಬ್ಲ್ಯು5ಎಲ್‌ಎಫ್‌ಎಲ್, ಮಗ ಡಬ್ಲ್ಯು5ಕೆಡಬ್ಲ್ಯುಕ್ಯು. ಅಪ್ಪನ ಶಿಫಾರಸಿನಿಂದ ಒಂದಕ್ಷರವೂ ಸಿಕ್ಕಿರಲಿಲ್ಲ. ನಮ್ಮ ಕಡೆ ಕೆಲಸಕ್ಕೂ ಸೀಟಿಗೂ ‘ಯಾರ ಪೈಕಿ’ ಎಂದು ಕೇಳುವ ವಾಡಿಕೆಯಿದೆಯಲ್ಲ, ಆ ಪ್ರಶ್ನೆಗೆ ಇಲ್ಲಿ ಅಂಕವಿಲ್ಲ.

ಸಂಸಾರಕ್ಕೆ ಒಗ್ಗುತ್ತದೆಂಬುದಕ್ಕೆ ಎರಡನೆಯ ಪುರಾವೆ ಸೆಟ್ಟಿನೊಳಗೇ ಇದೆ. ಮೈಕಿನ ಗುಂಡಿ ಒತ್ತಿದರೆ ಮಾತು ಹೋಗುತ್ತದೆ, ಆ ಹೊತ್ತಿಗೆ ಏನೂ ಕೇಳಿಸದು; ಬಿಟ್ಟರೆ ಕೇಳಿಸುತ್ತದೆ, ಆಗ ಮಾತು ಹೋಗದು. ಇಬ್ಬರು ಒಟ್ಟಿಗೆ ಒತ್ತಿದರೆ ಮೂರನೆಯವರಿಗೆ ಕೀರಲು ಶಬ್ದವೊಂದೇ ಗತಿ. ಹಬ್ಬದ ದಿನ ಕೂಡು ಕುಟುಂಬವೊಂದರ ಊಟದ ಪಂಕ್ತಿಯ ಬಳಿ ನಿಂತವರಿಗೆ ಈ ಯಂತ್ರದ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರು ‘ಓವರ್’ ಅನ್ನುವವರೆಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ ಎಂಬ ಶಿಸ್ತನ್ನು ಅಜ್ಜಂದಿರು ಗದರಿಯೂ ಮೇಷ್ಟ್ರು ಹೊಡೆದೂ ಕಲಿಸಲಾರದೆ ಹೋದರು, ಒಂದು ಗುಂಡಿ ಕಲಿಸುತ್ತದೆ. ಗುಪ್ತ ಭಾಷೆಗೆ ನಿಷೇಧವಿರುವುದರಿಂದ ಅತ್ತೆ–ಸೊಸೆಯರ ಸಂಕೇತಗಳೂ ನಡೆಯವು. ಊರೆಲ್ಲ ಕೇಳಿಸಿಕೊಳ್ಳುತ್ತಿರುವಾಗ ಜಗಳ ತಾನಾಗಿ ಹವಾಮಾನ ವರದಿಯಾಗಿ ಬಿಡುತ್ತದೆ.

ಮಾತಾಡಲು ವಾಟ್ಸಾಪ್ ಇದೆಯಲ್ಲ ಎಂಬ ಆಕ್ಷೇಪ ಬರುವುದು ಖಂಡಿತ. ಇದಕ್ಕೆ ಹ್ಯಾಮ್‌ಗಳು ಸಾಮಾನ್ಯವಾಗಿ ಕೊಡುವ ಉತ್ತರ ಪ್ರಳಯ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಮನೆಗಳಿಗೆ ನುಗ್ಗಿದಾಗ, ಮರುವರ್ಷ ವರ್ದಾ ಚಂಡಮಾರುತ ಬಂದಾಗ ಚೆನ್ನೈಯ ಎಷ್ಟೋ ಬಡಾವಣೆಗಳಲ್ಲಿ ಮೊಬೈಲು ಬರೀ ಟಾರ್ಚಾಗಿ ಉಳಿದಿತ್ತು ನಿಜ. ಆದರೆ ಎಂದೋ ಬರುವ ನೆರೆಗಾಗಿ ಇಪ್ಪತ್ತು ವರ್ಷ ಸೆಟ್ ಒರೆಸುತ್ತ ಕೂರುವವರು ಯಾರೂ ಇಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಬಾರದ ಹರಟೆ ಹೊಡೆದವರೇ ಆ ದಿನ ಕೆಲಸಕ್ಕೆ ಬರುತ್ತಾರೆ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಮಹಿಳೆ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನಿಗೆ ಹೋದದ್ದು ಶುದ್ಧ ಶೋಕಿಗಾಗಿ, ಹ್ಯಾಮ್‌ಗಳಿಗೆ ಅಪರೂಪವಾದ ಆ ದ್ವೀಪದ ಸಂಪರ್ಕವನ್ನು ಜಗತ್ತಿಗೆ ಹಂಚಲು. 26ರಂದು ಸುನಾಮಿ ಬಂತು; ಹರಟೆಗೆ ತಂದಿದ್ದ ಸೆಟ್ಟುಗಳೇ ಪೋರ್ಟ್ ಬ್ಲೇರಿನಿಂದ ದೇಶಕ್ಕೆ ಸುದ್ದಿ ಮುಟ್ಟಿಸಿದವು. ಇದು ಗಂಡಸರ ಆಟವೆನ್ನುವವರಿಗೂ ಆಕೆಯೇ ಉತ್ತರ. ಹರಟೆಯ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮವೂ 2003ರವರೆಗೆ ಸ್ಪಷ್ಟವಾಗಿತ್ತು: ತಾಂತ್ರಿಕ ವಿಷಯ ಬಿಟ್ಟರೆ, ತಂತಿ–ಟೆಲಿಫೋನಿಗೆ ದುಡ್ಡು ಹಾಕುವಷ್ಟು ಮುಖ್ಯವಲ್ಲದ ಸ್ವಂತ ಮಾತನ್ನಷ್ಟೇ ಆಡಬೇಕು. ಮನುಷ್ಯರು ಮುಖ್ಯವಾದದ್ದೇನೂ ಮಾತಾಡಕೂಡದೆಂದು ದೇಶದೇಶಗಳು ಕೂತು ಸಹಿ ಹಾಕಿದ ಬೇರೊಂದು ದಾಖಲೆ ನನಗೆ ಗೊತ್ತಿಲ್ಲ. ಆ ಹರಟೆಯನ್ನು ಇಸ್ರೋ ಕೂಡ ಹೊತ್ತಿದೆ. 2005ರ ಮೇ 5ರಂದು ಚೆನ್ನೈಯ ಉತ್ತರಕ್ಕಿರುವ ಶ್ರೀಹರಿಕೋಟಾದಿಂದ ಹೋದ 42.5 ಕಿಲೋ ತೂಕದ ಉಪಗ್ರಹ ಹ್ಯಾಮ್‌ಸ್ಯಾಟ್ 2014ರವರೆಗೆ ‘ನಿಮ್ಮಲ್ಲಿ ಮಳೆ ಉಂಟೋ’ ಎಂಬಂಥ ಪ್ರಶ್ನೆಗಳನ್ನು 600 ಕಿ.ಮೀ.ಗೂ ಎತ್ತರದಿಂದ ದಾಟಿಸುತ್ತಿತ್ತು.

ಹವ್ಯಾಸ ಮನೆ ತೊಳೆಯುತ್ತದೆ ಎಂಬ ಹೆದರಿಕೆಗೆ ಚರಿತ್ರೆಯ ಆಧಾರವಿದೆ, ಅದನ್ನು ತಳ್ಳಿಹಾಕುವುದಿಲ್ಲ. 1924ರಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿಯವರು ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಕಟ್ಟಿ, 40 ವಾಟಿನ ಟ್ರಾನ್ಸ್‌ಮಿಟರಿನಿಂದ ಪ್ರಸಾರ ಶುರುಮಾಡಿದರು. 1927ರಲ್ಲಿ ದುಡ್ಡು ಮುಗಿಯಿತು, ಕ್ಲಬ್ಬೂ ಮುಗಿಯಿತು. ಟ್ರಾನ್ಸ್‌ಮಿಟರು ಕಾರ್ಪೊರೇಷನ್ನಿನ ಪಾಲಾಗಿ, 1930ರ ಏಪ್ರಿಲ್ 1ರಿಂದ (ದಿನವನ್ನು ಆರಿಸಿದವರು ಗಂಭೀರವಾಗಿಯೇ ಆರಿಸಿರಬೇಕು) ನಗರಸಭೆಯ ಪ್ರಸಾರ ನಡೆಯಿತು. ಮೈಸೂರಿನಲ್ಲೂ ಇದೇ ಕತೆ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಮನೆಯಿಂದ ಶುರುಮಾಡಿದ ಆಕಾಶವಾಣಿ ಕೆಲವೇ ವರ್ಷಗಳಲ್ಲಿ ಕೈದಾಟಿತು, ಹೆಸರು ಇಡೀ ದೇಶದ್ದಾಯಿತು. ಪ್ರಸಾರಕ್ಕೆ ಇಳಿದ ಹವ್ಯಾಸ, ದೊಡ್ಡದಾಗುತ್ತಲೇ ಸರ್ಕಾರಿ ನೌಕರಿ ಹಿಡಿಯುತ್ತದೆ. ಹ್ಯಾಮ್‌ಗೆ ಹಾಡು–ಸುದ್ದಿ ಬಿತ್ತರಿಸುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಅನುಮತಿಯಿಲ್ಲ; ಆದ್ದರಿಂದ ಅದು ದೊಡ್ಡದಾಗುವ ಅಪಾಯವಿಲ್ಲದೆ ಮನೆಯಲ್ಲೇ ಉಳಿಯುತ್ತದೆ.

ಉಳಿದದ್ದು ಮಹಡಿಯ ತಕರಾರು. 7 ಮೆಗಾಹರ್ಟ್ಸ್‌ಗೆ ಡೈಪೋಲ್ ಆಂಟೆನಾ ಕಟ್ಟಲು ಸುಮಾರು 20 ಮೀಟರ್ ತಂತಿ ಬೇಕು. ಚೆನ್ನೈಯಲ್ಲಿ ನಿವೇಶನ ಅಳೆಯುವುದು ಗ್ರೌಂಡಿನಲ್ಲಿ, ಅಂದರೆ 2,400 ಚದರಡಿ. ಅದು 40–60ರ ಅಳತೆಯದಾಗಿದ್ದರೆ ಉದ್ದಕ್ಕೆ ತಂತಿ ಹಿಡಿಸದು, ಮೂಲೆಯಿಂದ ಮೂಲೆಗೆ ಎಳೆದರೆ ಜಾಗ ಮಿಗುತ್ತದೆ. ಹಾಗೆ ಎಳೆದ ತಂತಿ ಹಪ್ಪಳ–ಸಂಡಿಗೆ ಒಣಗುವ ಚಾಪೆಯ ಮೇಲೆಯೇ ಹಾಯುತ್ತದೆ, ಕಾಗೆಗಳಿಗೆ ಸುಖಾಸನವಾಗುತ್ತದೆ ಎಂಬುದನ್ನು ಒಪ್ಪಬೇಕು. ಬೆಸೆಂಟ್ ನಗರದಲ್ಲಾದರೆ ಕಡಲ ಉಪ್ಪುಗಾಳಿ ತಂತಿಯ ಕೀಲುಗಳನ್ನೂ ತಿನ್ನುತ್ತದೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನು ಒಲಿಸುವ ವಿದ್ಯೆ ಮಾತ್ರ ಪಠ್ಯಕ್ರಮದಲ್ಲಿಲ್ಲ. ನಿಜವಾದ ಜನರಲ್ ದರ್ಜೆ ಅದು.

ಇಷ್ಟೆಲ್ಲ ಆದಮೇಲೆ ಮಗ ಒಲ್ಲೆ ಅಂದರೆ? ಒಲ್ಲೆ ಅನ್ನಲಿ. ಪಿಟೀಲು ಬಿಟ್ಟವನಿಗೆ ಅಜ್ಜನ ಪಟ ಗೋಡೆಯಿಂದ ದುರುಗುಟ್ಟಿ ನೋಡುತ್ತದೆ, ಹೋಟೆಲು ಮಾರಿದವನಿಗೆ ನೆಂಟರು ಶಾಪ ಹಾಕುತ್ತಾರೆ. ಇಲ್ಲಿ ಪರೀಕ್ಷೆಗೆ ಅರ್ಜಿ ಹಾಕದಿದ್ದರೆ ಆಯಿತು, ಕಾಯ್ದೆಯೇ ಅವನನ್ನು ಗೌರವದಿಂದ ಬಿಟ್ಟುಕಳಿಸುತ್ತದೆ. ಸೆಟ್ಟನ್ನು ಲೈಸೆನ್ಸ್ ಇರುವ ಯಾರಿಗಾದರೂ ಕೊಡಬಹುದು, ಬಿಡಿಭಾಗಗಳಿಗೆ ರಿಚೀ ಸ್ಟ್ರೀಟ್ ಇದೆ. ತಂತಿಯನ್ನು ಮಾತ್ರ ಇಳಿಸಬೇಕಾಗಿಲ್ಲ. ಬಟ್ಟೆ ಒಣಹಾಕಲು ದೆಹಲಿಯ ಪರವಾನಗಿ ಬೇಡ.