ಅಶ್ವಗಳಿಗೆ ಕಂಬ, ಆಳುಗಳಿಗೆ ಅಟ್ಟ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಡ್ಯೂಕ್ ಮನೆತನದ ಬಂಗಲೆ ಚಾಟ್ಸ್‌ವರ್ತ್‌ಗೆ ಮೊದಲ ಸಲ ಹೋದವರು ಅರಮನೆಯೆಂದು ಕುದುರೆಲಾಯಕ್ಕೇ ಕೈಮುಗಿದರೆ ತಪ್ಪೇನಿಲ್ಲ. ಹೆಬ್ಬಾಗಿಲಿಗೆ ಡೋರಿಕ್ ಕಂಬಗಳು, ವಂಶದ ಲಾಂಛನ, ಮೇಲೊಂದು ಗಡಿಯಾರದ ಗೋಪುರ. ಜೊತೆಗೆ ಎರಡು ಸಾರಂಗಗಳ ಕೆತ್ತನೆ. ಮೈ ಶಿಲ್ಪಿಯದು, ಕೊಂಬು ಮಾತ್ರ ಅಸಲಿ. ನಿಮಗೇನು ಕೊಂಬಿದೆಯಾ ಎಂದು ಈ ಮನೆತನವನ್ನು ಯಾರೂ ಕೇಳುವ ಹಾಗಿಲ್ಲ, ಬಾಗಿಲಲ್ಲೇ ನಾಲ್ಕಿವೆ.

ಈ ಲಾಯ ಕಟ್ಟಿಸಿದವರು ಡೆವನ್‌ಶೈರ್‌ನ ನಾಲ್ಕನೇ ಡ್ಯೂಕ್. 1756ರ ನವೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿಯಾದರು, ಮುಂದಿನ ಬೇಸಿಗೆಗೆಲ್ಲ ಮಾಜಿಯಾದರು. ಸರ್ಕಾರ ನಿಲ್ಲಲಿಲ್ಲ, ಲಾಯ ನಿಂತಿತು. 1758ರ ಸುಮಾರಿಗೆ ಕೆಲಸ ಹಿಡಿದ ವಾಸ್ತುಶಿಲ್ಪಿ ಜೇಮ್ಸ್ ಪೇನ್. ಮನೆಯ ಬಳಿಯಿದ್ದ ಹಳೇ ಲಾಯವನ್ನೂ ಎಡೆನ್ಸರ್ ಹಳ್ಳಿಯ ಕೆಲವು ಮನೆಗಳನ್ನೂ ಕಿಟಕಿಯಿಂದ ಕಾಣುತ್ತವೆ ಎಂಬ ಅಪರಾಧಕ್ಕೆ ಕೆಡವಲಾಯಿತು. ಹಳ್ಳಿಯವರಿಂದ ನೋಟ ಕೆಡುತ್ತಿತ್ತು. ಕುದುರೆಗಳಿಗೆ ಎತ್ತರದಲ್ಲಿ ಹೊಸ ಸೈಟು ಮಂಜೂರಾಯಿತು.

ಒಂದೊಂದು ಮಗ್ಗುಲು ಸುಮಾರು 190 ಅಡಿ, ನಡುವೆ ಅಂಗಳ, 80 ಕುದುರೆಗೆ ಜಾಗ, ಲಾಳಕ್ಕೆ ಕಮ್ಮಾರನ ಕುಲುಮೆ. ಅಷ್ಟು ಕುದುರೆ ಯಾಕೆ ಬೇಕಿತ್ತು? ಸವಾರಿಗೆ, ಗಾಡಿಗೆ, ಬಂದ ನೆಂಟರ ಹೊಟ್ಟೆಯುರಿಗೆ. ಡೋರಿಕ್ ಕಂಬಗಳನ್ನು ಗ್ರೀಕರು ದೇವಸ್ಥಾನಕ್ಕೆ ನಿಲ್ಲಿಸಿದ್ದರು. ದೇವರ ನಂತರ ಯಾರು ಎಂಬುದರಲ್ಲಿ ಇಂಗ್ಲಿಷ್ ಸಿರಿವಂತರಿಗೆ ಗೊಂದಲವಿರಲಿಲ್ಲ.

ಮನುಷ್ಯರು ಮಹಡಿಯಲ್ಲಿ, ಕಣಜದ ಪಕ್ಕ. ಕೆಳಗಿನಿಂದ ಕುದುರೆಗಳ ಬಿಸಿಯೂ ಲದ್ದಿಯ ಪರಿಮಳವೂ ಪುಕ್ಕಟೆ. ಅಲ್ಲಿನ ಒಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದದ್ದು ಈಗಲೂ ಉಳಿದಿದೆ: ಮೂರನೇ ಪೋಸ್ಟಿಲಿಯನ್‌ನ ಮಲಗುವ ಕೋಣೆ. ಪೋಸ್ಟಿಲಿಯನ್ ಎಂದರೆ ಗಾಡಿ ಎಳೆಯುವ ಕುದುರೆಯ ಬೆನ್ನ ಮೇಲೇ ಕೂತು ಗಾಡಿ ನಡೆಸುವವನು. ಹೆಸರಿಲ್ಲ, ನಂಬರಿದೆ. ಒಳಗಿದ್ದವನು ಸತ್ತರೂ ಓಡಿಹೋದರೂ ಬಾಗಿಲಿಗೆ ಮತ್ತೆ ಬಣ್ಣದ ಖರ್ಚಿಲ್ಲ. ಆಡಳಿತವೆಂದರೆ ಹೀಗಿರಬೇಕು! ನಾಲ್ಕನೆಯವನೊಬ್ಬ ಇದ್ದಿದ್ದರೆ ಆ ಬಾಗಿಲನ್ನು ಎಷ್ಟು ಆಸೆಯಿಂದ ನೋಡುತ್ತಿದ್ದನೋ. ಗೋಪುರದ ಗಡಿಯಾರವೂ ಇವರಿಗಾಗಿಯೇ. ಕುದುರೆಗೆ ಹೊಟ್ಟೆಯೇ ಗಡಿಯಾರ. ತಡವಾಯಿತೆಂದು ಬೈಸಿಕೊಳ್ಳುವ ಪ್ರಾಣಿಗೆ ಕಾಲು ಎರಡೇ.

1939ರಲ್ಲಿ ಕೊನೆಯ ಕುದುರೆಗಳು ಹೊರಟವು. ಲಾಯ ಉಗ್ರಾಣವಾಯಿತು, ಗ್ಯಾರೇಜಾಯಿತು, ಈಗ ರೆಸ್ಟೋರೆಂಟು ಮತ್ತು ಅಂಗಡಿ. ಕುದುರೆಗಳಿಗೆ ಮೇವು ಬಾಯಿಯ ಬಳಿಗೇ ಬರುತ್ತಿತ್ತು. ಪ್ರವಾಸಿಗಳು ದುಡ್ಡು ಕೊಟ್ಟು ತಿನ್ನಬೇಕು.

ಲಾಯದಲ್ಲಿ ಜಾಗ ಸಿಗುವ ಭಾಗ್ಯ ನಮ್ಮ ದೇಶದವರಿಗೂ ಒಮ್ಮೆ ಬಂದಿತ್ತು, ಇಂಗ್ಲೆಂಡಿನದೇ ಇನ್ನೊಂದು ಊರಾದ ಬ್ರೈಟನ್ನಿನಲ್ಲಿ. ಅಲ್ಲಿ ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜ ತನ್ನ ಕುದುರೆಗಳಿಗೆ 1803ರಿಂದ 1808ರವರೆಗೆ ಇಂಡಿಯಾದ ಶೈಲಿಯ ಭಾರೀ ಗುಮ್ಮಟವೊಂದನ್ನು ಕಟ್ಟಿಸಿದ. ಅವನ ಸ್ವಂತ ಬಂಗಲೆಗೆ ಅಂಥ ಗುಮ್ಮಟಗಳು ಬಂದದ್ದು ಆಮೇಲೆ. ಮೊದಲ ಹಕ್ಕು ಕುದುರೆಗಳದು. ಒಂದನೇ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ಹೋರಾಡಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಆ ಗುಮ್ಮಟದಡಿಯಲ್ಲೇ ಸಾಲಾಗಿ ಹಾಸಿಗೆ ಹಾಕಿದರು. ಇಂಡಿಯಾದ ಗುಮ್ಮಟದೊಳಗೆ ಇಂಡಿಯಾದವರಿಗೆ ಹಾಸಿಗೆ ಸಿಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು, ಮೈಗೊಂದು ಗುಂಡೂ ಬೇಕಾಯಿತು.