ಕದ್ವಾಡದಿಂದ ಕಾಕ್‌ಪಿಟ್ಟಿಗೆ

ಕಾರವಾರದ ಪಕ್ಕದ ಕದ್ವಾಡದ ಹುಡುಗ ಪೈಲಟ್ ಆಗುತ್ತೇನೆಂದರೆ ಮೊದಲ ಪರೀಕ್ಷೆ ವಿಮಾನಯಾನ ನಿಯಂತ್ರಕ ಡಿಜಿಸಿಎಯದ್ದಲ್ಲ, ಕಟ್ಟೆ ಮೇಲಿನ ಹಿರಿಯರದ್ದು. "ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗ್ಲಿ, ಆಮೇಲೆ ನೋಡ್ವ!"

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಮುಗಿಸಿದವ ಜಕ್ಕೂರಿನ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯ ಹೆಸರೆತ್ತಿದ. ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಹಾರಬೇಕಂತೆ. "ಎಂಟು ದಿನ, ಚಿಲ್ಲರೆ" ಎಂದರು ನಿವೃತ್ತ ಗಣಿತದ ಮೇಷ್ಟ್ರು. ಆಮೇಲೆ ಎರಡು ಎಂಜಿನ್ನಿನ ರೇಟಿಂಗ್, ಇನ್‌ಸ್ಟ್ರುಮೆಂಟ್ ರೇಟಿಂಗ್, ಏರ್‌ಬಸ್ಸಿಗೊಂದು, ಬೋಯಿಂಗಿಗೊಂದು ಟೈಪ್ ರೇಟಿಂಗ್. ಪ್ರತಿಯೊಂದಕ್ಕೂ ಬೇರೆ ಫೀಸು. (ತೋಟದ ಪಹಣಿ ತೆಗೆಸುವುದು ಈ ಹಂತದಲ್ಲೇ.) ನನ್ನ ಮತ ಬೋಧಕನ ರೇಟಿಂಗಿಗೆ: ಗಂಟೆ ನಮ್ಮದು, ಪೆಟ್ರೋಲು ಶಿಷ್ಯನದ್ದು!

ಅವನ ಅಮ್ಮನದ್ದು ಬೇರೆಯೇ ಯೋಜನೆ: "ಕಾರವಾರದ ಕಡಲತೀರದಲ್ಲಿ ನೌಕಾಪಡೆಯ ಹಳೇ ಟುಪೊಲೆವ್ ವಿಮಾನ ಸುಮ್ನೆ ನಿಂತದ್ಯಲ್ಲ, ಅದನ್ನೇ ಓಡ್ಸು. ಮಧ್ಯಾಹ್ನ ಊಟಕ್ಕೆ ಮನೆಗೇ ಬರ್ಬಹುದು."